ಹೆಸರು ಬ್ಯಾಲೆನ್ಸರ್, ಕೆಲಸ ಕಂಪನ ನಿಗ್ರಹ: ವೇಗದ ಎಂಜಿನ್‌ಗೆ ಯಾವುದು ಸರಿ?

ಹಳೆಯ ಎಂಜಿನ್ನೊಂದನ್ನು ಬಿಚ್ಚಿ, ಅದರ ಶಕ್ತಿಯನ್ನು ಇಮ್ಮಡಿಗೊಳಿಸುವ ಹವ್ಯಾಸ ಅಮೆರಿಕದಲ್ಲಿ ದೊಡ್ಡ ಉದ್ಯಮವಾಗಿಯೇ ಬೆಳೆದಿದೆ. ಇಂತಹ ಕೆಲಸಕ್ಕೆ ಕೈಹಾಕಿದವರು ಪಿಸ್ಟನ್, ಕ್ಯಾಮ್‌ಶಾಫ್ಟ್, ಸಿಲಿಂಡರ್ ಹೆಡ್‌ಗಳ ಆಯ್ಕೆಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ಎಂಜಿನ್ನಿನ ಮುಂತುದಿಯಲ್ಲಿ ಕೂರುವ ದುಂಡನೆಯ, ಭಾರವಾದ ಒಂದು ಬಿಡಿಭಾಗ ಮಾತ್ರ ಖರೀದಿ ಪಟ್ಟಿಯ ಕೊನೆಯಲ್ಲಿ ಉಳಿದುಬಿಡುತ್ತದೆ. ಕೆಲವೊಮ್ಮೆ ಹಳೆಯದನ್ನೇ ಒರೆಸಿ, ಬಣ್ಣ ಬಳಿದು ಮತ್ತೆ ಜೋಡಿಸುವುದೂ ಉಂಟು. ಅದೇ ಹಾರ್ಮೋನಿಕ್ ಬ್ಯಾಲೆನ್ಸರ್.

ಸಾವಿರಾರು ಡಾಲರ್ ಸುರಿದು ಕಟ್ಟಿದ ಎಂಜಿನ್ ಕೆಲವೇ ತಿಂಗಳಲ್ಲಿ ಬೇರಿಂಗ್ ಕಳೆದುಕೊಂಡರೆ, ಇಲ್ಲವೇ ಅದರ ಕ್ರ್ಯಾಂಕ್‌ಶಾಫ್ಟ್ ಎರಡು ತುಂಡಾದರೆ, ಶಂಕಿಸಬೇಕಾದ ಮೊದಲ ವಸ್ತುಗಳಲ್ಲಿ ಇದೂ ಒಂದು. ಹಾಗಾದರೆ ಇದರ ಕೆಲಸವೇನು? ಹೆಚ್ಚು ಶಕ್ತಿಯ ಎಂಜಿನ್‌ಗೆ ಇದನ್ನು ಆರಿಸುವುದು ಹೇಗೆ?

ಉಕ್ಕೂ ತಿರುಚಿಕೊಳ್ಳುತ್ತದೆ

ಹೆಸರು ಕೇಳಿದವರು ಇದು ಎಂಜಿನ್ನಿನ ತೂಕವನ್ನು ಸರಿದೂಗಿಸುವ ಸಾಧನವೆಂದು ಭಾವಿಸುವುದು ಸಹಜ. ಅದರ ಮುಖ್ಯ ಕೆಲಸ ಅದಲ್ಲ. ಕ್ರ್ಯಾಂಕ್‌ಶಾಫ್ಟಿನ ತಿರುಚು ಕಂಪನವನ್ನು ಅಡಗಿಸುವುದೇ ಅದರ ನಿಜವಾದ ಹೊಣೆ. ಆದ್ದರಿಂದಲೇ ಎಂಜಿನಿಯರುಗಳು ಇದನ್ನು ಡ್ಯಾಂಪರ್ ಎಂದು ಕರೆಯಲು ಇಷ್ಟಪಡುತ್ತಾರೆ.

ಸಿಲಿಂಡರಿನೊಳಗೆ ಇಂಧನ ಉರಿದಾಗ ಪಿಸ್ಟನ್ ಕೆಳಕ್ಕೆ ನುಗ್ಗಿ ಕ್ರ್ಯಾಂಕ್‌ಶಾಫ್ಟಿಗೆ ಬಲವಾದ ಪೆಟ್ಟು ಕೊಡುತ್ತದೆ. ಕ್ರ್ಯಾಂಕ್ ಎಷ್ಟೇ ಗಟ್ಟಿ ಉಕ್ಕಿನದಾದರೂ, ಒದ್ದೆ ಬಟ್ಟೆಯನ್ನು ಹಿಂಡುವಾಗ ಅದು ತಿರುಚಿಕೊಳ್ಳುವಂತೆ, ಆ ಪೆಟ್ಟಿಗೆ ಅತಿ ಸೂಕ್ಷ್ಮವಾಗಿ ತಿರುಚಿಕೊಳ್ಳುತ್ತದೆ. ಒತ್ತಡ ಇಳಿದ ಕೂಡಲೇ ಮರಳಿ ಬಿಚ್ಚಿಕೊಳ್ಳುತ್ತದೆ. ಎಂಟು ಸಿಲಿಂಡರಿನ ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೆ ಇಂತಹ ನಾಲ್ಕು ಪೆಟ್ಟುಗಳು ಬೀಳುತ್ತವೆ. ನಿಮಿಷಕ್ಕೆ 6000 ಸುತ್ತಿನ ವೇಗದಲ್ಲಿ ಅದು ಸೆಕೆಂಡಿಗೆ 400 ಪೆಟ್ಟು!

ಪ್ರತಿಯೊಂದು ಕ್ರ್ಯಾಂಕ್‌ಶಾಫ್ಟಿಗೂ ತನ್ನದೇ ಆದ ಸಹಜ ಆವೃತ್ತಿ ಇರುತ್ತದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳುತ್ತ ಹೋದರೆ ಸಣ್ಣ ತಳ್ಳುವಿಕೆಯಿಂದಲೂ ಅದು ಎತ್ತರೆತ್ತರಕ್ಕೆ ಜೀಕುತ್ತದೆ. ಅಂತೆಯೇ, ದಹನದ ಪೆಟ್ಟುಗಳ ಲಯ ಕ್ರ್ಯಾಂಕಿನ ಸಹಜ ಆವೃತ್ತಿಗೆ ಹೊಂದಿಕೊಂಡಾಗ ತಿರುಚುವಿಕೆ ಹಲವು ಪಟ್ಟು ಬೆಳೆಯುತ್ತದೆ. ಇದೇ ಅನುರಣನ. ಎಂಜಿನ್ ಆ ವೇಗದಲ್ಲಿ ಹೆಚ್ಚು ಹೊತ್ತು ನಿಂತರೆ ಉಕ್ಕಿನಲ್ಲಿ ಕಣ್ಣಿಗೆ ಕಾಣದ ಬಿರುಕು ಹುಟ್ಟಿ, ಬೆಳೆದು, ಒಂದು ದಿನ ಕ್ರ್ಯಾಂಕ್ ಮುರಿದು ಬೀಳುತ್ತದೆ.

ಮುರಿಯುವ ಮೊದಲೂ ಹಾನಿ ತಪ್ಪಿದ್ದಲ್ಲ. ಕ್ರ್ಯಾಂಕಿನ ಮುಂತುದಿಯಿಂದಲೇ ಟೈಮಿಂಗ್ ಚೈನ್ ಓಡುವುದರಿಂದ ವಾಲ್ವ್‌ಗಳು ತೆರೆಯುವ ಕಾಲ ಏರುಪೇರಾಗುತ್ತದೆ. ಕೆಲವು ಎಂಜಿನ್‌ಗಳಲ್ಲಿ ಆಯಿಲ್ ಪಂಪಿನ ಗೇರ್ ನೇರವಾಗಿ ಕ್ರ್ಯಾಂಕಿನ ಮೂತಿಯ ಮೇಲೆಯೇ ಕೂತಿರುತ್ತದೆ. ಕಂಪನಕ್ಕೆ ಆ ಗೇರ್ ಒಡೆದರೆ ಎಣ್ಣೆಯ ಒತ್ತಡ ಕ್ಷಣಾರ್ಧದಲ್ಲಿ ಇಲ್ಲವಾಗುತ್ತದೆ. ಮುಂದಿನ ಕಥೆ ಹೇಳಬೇಕಾಗಿಲ್ಲ.

ಸಮಸ್ಯೆ ಹೊಸದಲ್ಲ. 20ನೇ ಶತಮಾನದ ಆರಂಭದಲ್ಲಿ ಉದ್ದನೆಯ ಕ್ರ್ಯಾಂಕ್ ಹೊಂದಿದ ಆರು ಸಿಲಿಂಡರಿನ ಎಂಜಿನ್‌ಗಳು ಬಂದಾಗಲೇ ಇದು ಇಂಗ್ಲೆಂಡಿನ ತಯಾರಕರನ್ನು ಕಾಡಿತ್ತು. ಹೆನ್ರಿ ರಾಯ್ಸ್ ಮತ್ತು ಫ್ರೆಡರಿಕ್ ಲ್ಯಾಂಚೆಸ್ಟರ್ ಅದಕ್ಕೆ ಪರಿಹಾರ ಹುಡುಕಿದ ಪ್ರಮುಖರು. ಕ್ರ್ಯಾಂಕಿನ ತುದಿಗೆ ಇನ್ನೊಂದು ತೂಕವನ್ನು ಬಿಗಿಯಾಗಿ ಅಲ್ಲ, ತುಸು ಸಡಿಲವಾಗಿ ಜೋಡಿಸುವುದು ಆ ಪರಿಹಾರದ ತಿರುಳು. ಕ್ರ್ಯಾಂಕ್ ಹಿಂದೆ ಮುಂದೆ ತಿರುಚಿಕೊಂಡಾಗ ಆ ತೂಕ ತನ್ನ ಜಡತ್ವದಿಂದಾಗಿ ಸಮವೇಗದಲ್ಲಿಯೇ ಸುತ್ತಲು ಹವಣಿಸುತ್ತದೆ. ಎರಡರ ನಡುವಿನ ತಿಕ್ಕಾಟದಲ್ಲಿ ಕಂಪನದ ಶಕ್ತಿ ಶಾಖವಾಗಿ ಕರಗಿಹೋಗುತ್ತದೆ. ಇಂದಿನ ಡ್ಯಾಂಪರುಗಳ ಮೂಲತತ್ವವೂ ಇದೇ.

ಮೊದಲ ಪ್ರಶ್ನೆ: ಒಳ ಸಮತೋಲನವೋ, ಹೊರ ಸಮತೋಲನವೋ?

ಹಾಗಾದರೆ ಬ್ಯಾಲೆನ್ಸರ್ ಎಂಬ ಹೆಸರು ಪೂರ್ಣ ಸುಳ್ಳೇ? ಅಲ್ಲ. ಗೊಂದಲ ಆರಂಭವಾಗುವುದು ಇಲ್ಲಿಯೇ.

ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡ್‌ಗಳ ತೂಕಕ್ಕೆ ಪ್ರತಿಯಾಗಿ ಕ್ರ್ಯಾಂಕಿನಲ್ಲಿ ಪ್ರತಿತೂಕಗಳಿರುತ್ತವೆ. ಅಗತ್ಯವಿರುವ ಪ್ರತಿತೂಕವೆಲ್ಲ ಕ್ರ್ಯಾಂಕಿನಲ್ಲಿಯೇ ಇದ್ದರೆ ಅದು ಒಳ ಸಮತೋಲನದ ಎಂಜಿನ್. ಅಲ್ಲಿ ಡ್ಯಾಂಪರ್ ಸುತ್ತಲೂ ಸಮತೂಕದ್ದಾಗಿರಬೇಕು. ಕೆಲವು ಎಂಜಿನ್‌ಗಳಲ್ಲಿ ಒಳಗೆ ಸ್ಥಳ ಸಾಲದೆ, ಉಳಿದ ತೂಕವನ್ನು ಮುಂದಿನ ಡ್ಯಾಂಪರಿಗೂ ಹಿಂದಿನ ಫ್ಲೈವೀಲ್‌ಗೂ ಹಂಚಲಾಗುತ್ತದೆ. ಅದು ಹೊರ ಸಮತೋಲನ. ಅಲ್ಲಿ ಡ್ಯಾಂಪರಿನ ಒಂದು ಬದಿ ಬೇಕೆಂದೇ ಭಾರವಾಗಿರುತ್ತದೆ.

ಅಮೆರಿಕದಲ್ಲಿ ಅತಿ ಹೆಚ್ಚು ಮಾರ್ಪಾಡಿಗೆ ಒಳಗಾಗುವ ಎಂಜಿನ್‌ಗಳಲ್ಲೊಂದಾದ, 1955ರಲ್ಲಿ ಮಾರುಕಟ್ಟೆಗೆ ಬಂದ ಷೆವ್ರೊಲೆಯ ಸ್ಮಾಲ್ ಬ್ಲಾಕ್ ವಿ8 ಕುಟುಂಬವನ್ನೇ ನೋಡಿ. ಅದರ 350 ಘನ ಇಂಚಿನ ಎಂಜಿನ್‌ಗಳು 1985ರವರೆಗೆ ಒಳ ಸಮತೋಲನದವು. 1986ರಿಂದ ಹಿಂಬದಿಯ ಆಯಿಲ್ ಸೀಲ್‌ನ ವಿನ್ಯಾಸ ಬದಲಾಗಿ ಫ್ಲೈವೀಲ್‌ಗೆ ಪ್ರತಿತೂಕ ಬಂತು. ಮುಂದಿನ ಡ್ಯಾಂಪರ್ ಮಾತ್ರ ಸಮತೂಕದ್ದಾಗಿಯೇ ಉಳಿಯಿತು. 1970ರಿಂದ 1980ರವರೆಗೆ ತಯಾರಾದ 400 ಘನ ಇಂಚಿನ ಎಂಜಿನ್ನಿನಲ್ಲಿ ಎರಡೂ ತುದಿಗಳಿಗೆ ಹೊರತೂಕ ಬೇಕು.

ಈಗ 383ರ ಉದಾಹರಣೆ. 350ರ ಬ್ಲಾಕನ್ನು ಇಂಚಿನ ಸಾವಿರದ 30 ಭಾಗದಷ್ಟು ಕೊರೆದು, ಅದರೊಳಗೆ 400ರಂತೆ 3.75 ಇಂಚು ಹೊಡೆತದ ಕ್ರ್ಯಾಂಕ್ ಕೂರಿಸಿದರೆ 383 ಘನ ಇಂಚು, ಅಂದರೆ ಸುಮಾರು 6.3 ಲೀಟರ್ ಸಿಗುತ್ತದೆ. ಇದು ಹವ್ಯಾಸಿಗಳ ಅಚ್ಚುಮೆಚ್ಚಿನ ಜೋಡಣೆ. ಆದರೆ ಬ್ಲಾಕ್ 350ರದು ಎಂದು ಹಳೆಯ ಸಮತೂಕದ ಡ್ಯಾಂಪರನ್ನೇ ಹಾಕಿದರೆ, ಕ್ರ್ಯಾಂಕ್ ಹೊರತೂಕ ಬಯಸುವ ಬಗೆಯದಾಗಿದ್ದಲ್ಲಿ ಎಂಜಿನ್ ನಡುಗತೊಡಗುತ್ತದೆ. ಮಾರುಕಟ್ಟೆಯಲ್ಲಿ 383ಕ್ಕೆ ಎರಡೂ ಬಗೆಯ ಕ್ರ್ಯಾಂಕುಗಳು ಸಿಗುತ್ತವೆ. ಆದ್ದರಿಂದ ಬ್ಲಾಕಿನ ಹೆಸರನ್ನಲ್ಲ, ಕ್ರ್ಯಾಂಕಿನ ಬಗೆಯನ್ನು ನೋಡಿ ಡ್ಯಾಂಪರ್ ಕೊಳ್ಳಬೇಕು.

ಫೋರ್ಡ್ ಎಂಜಿನ್‌ಗಳಲ್ಲಿ ಈ ಎಚ್ಚರಿಕೆ ಇನ್ನೂ ಮುಖ್ಯ. 302 ಘನ ಇಂಚಿನ ಹಳೆಯ ಎಂಜಿನ್ ಮತ್ತು 351 ವಿಂಡ್ಸರ್ ಎಂಜಿನ್‌ಗಳಿಗೆ ಸುಮಾರು 28 ಔನ್ಸ್-ಇಂಚಿನ ಹೊರತೂಕ ಬೇಕು. 1980ರ ದಶಕದ ಆರಂಭದ ನಂತರ ಬಂದ 302ಕ್ಕೆ, ಅಂದರೆ ಮಸ್ಟ್ಯಾಂಗ್‌ನಿಂದ ಹೆಸರಾದ 5.0 ಲೀಟರ್ ಎಂಜಿನ್‌ಗೆ, 50 ಔನ್ಸ್-ಇಂಚು ಬೇಕು. ನೋಟಕ್ಕೆ ಎರಡೂ ಡ್ಯಾಂಪರುಗಳು ಅಣ್ಣತಮ್ಮಂದಿರಂತಿವೆ. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದರೆ 22 ಔನ್ಸ್-ಇಂಚಿನ ವ್ಯತ್ಯಾಸ ಉಳಿಯುತ್ತದೆ. ಕಾಗದದ ಮೇಲೆ ಇದು ಸಣ್ಣ ಸಂಖ್ಯೆ. ಆದರೆ ಲೆಕ್ಕ ಹಾಕಿದರೆ ನಿಮಿಷಕ್ಕೆ 3000 ಸುತ್ತಿನಲ್ಲಿ ಅದು ಸುಮಾರು 160 ಕಿಲೋ ಭಾರದಷ್ಟು ಬಲವಾಗಿ ಕ್ರ್ಯಾಂಕಿನ ಮೂತಿಯನ್ನು ಸುತ್ತಲೂ ಎಳೆಯುತ್ತದೆ. ವೇಗ 6000ಕ್ಕೆ ಏರಿದರೆ ಆ ಬಲ ನಾಲ್ಕು ಪಟ್ಟಾಗಿ 640 ಕಿಲೋ ಆಸುಪಾಸು ತಲಪುತ್ತದೆ. ಮುಂದಿನ ಬೇರಿಂಗ್ ಎಷ್ಟು ದಿನ ತಾಳೀತು?

ರಬ್ಬರೋ, ಸಿಲಿಕೋನೋ?

ಸಮತೋಲನದ ಪ್ರಶ್ನೆ ಬಗೆಹರಿದ ಬಳಿಕ ಬರುವುದು ಡ್ಯಾಂಪರಿನ ಬಗೆ. ಮುಖ್ಯವಾಗಿ ಎರಡು ವಿಧಗಳು ಬಳಕೆಯಲ್ಲಿವೆ.

ಮೊದಲನೆಯದು ರಬ್ಬರಿನದು. ಕಾರ್ಖಾನೆಯಿಂದ ಬರುವ ಬಹುಪಾಲು ಎಂಜಿನ್‌ಗಳಲ್ಲಿ ಇರುವುದು ಇದೇ. ನಡುವೆ ಗುಂಬ, ಹೊರಗೆ ಭಾರವಾದ ಬಳೆ, ಎರಡರ ನಡುವೆ ರಬ್ಬರಿನ ಪಟ್ಟಿ. ಬಳೆಯ ತೂಕ ಮತ್ತು ರಬ್ಬರಿನ ಬಿಗಿತವನ್ನು ನಿರ್ದಿಷ್ಟ ಕ್ರ್ಯಾಂಕಿನ ಸಹಜ ಆವೃತ್ತಿಗೆ ಹೊಂದಿಸಿರುತ್ತಾರೆ. ವೀಣೆಯ ತಂತಿಯನ್ನು ಒಂದು ಸ್ವರಕ್ಕೆ ಶ್ರುತಿ ಮಾಡಿದಂತೆ. ಆ ಸ್ವರದ ಸುತ್ತಮುತ್ತ ಅದು ಸಮರ್ಥವಾಗಿ ಕೆಲಸ ಮಾಡುತ್ತದೆ, ಬೆಲೆಯೂ ಕಡಿಮೆ.

ತೊಡಕೆಂದರೆ, ಎಂಜಿನ್ ಮಾರ್ಪಡಿಸಿದಾಗ ಶ್ರುತಿಯೇ ಬದಲಾಗುತ್ತದೆ. ಕ್ರ್ಯಾಂಕ್ ಬೇರೆ, ಪಿಸ್ಟನ್ ಹಗುರ, ರಾಡ್ ಉದ್ದ ಎಂದಾದರೆ ಕಾರ್ಖಾನೆಯವರು ಲೆಕ್ಕ ಹಾಕಿದ ಆವೃತ್ತಿ ಈಗ ಅಲ್ಲಿರುವುದಿಲ್ಲ. ಜೊತೆಗೆ, ಮೊದಲು 4500 ಸುತ್ತು ದಾಟದಿದ್ದ ಎಂಜಿನ್ ಈಗ 6500ರವರೆಗೆ ಓಡಬೇಕು. ಕಾರ್ಖಾನೆಯವರು ಎಂದೂ ಮುಟ್ಟಬಾರದೆಂದು ಬಿಟ್ಟಿದ್ದ ವೇಗದಲ್ಲಿಯೇ ಹೊಸ ಅನುರಣನ ಕಾದು ಕುಳಿತಿರಬಹುದು. ಇನ್ನೊಂದು ದೋಷ ವಯಸ್ಸು. ಶಾಖ ಮತ್ತು ಎಣ್ಣೆಗೆ ರಬ್ಬರ್ ಗಡುಸಾಗಿ, ಬಿರುಕು ಬಿಟ್ಟು, ಹೊರಬಳೆ ಜಾರತೊಡಗುತ್ತದೆ.

ಸ್ಪರ್ಧೆಗಾಗಿ ತಯಾರಾಗುವ ರಬ್ಬರ್ ಡ್ಯಾಂಪರುಗಳು ಈ ದೋಷಗಳನ್ನು ಬಹುಮಟ್ಟಿಗೆ ನೀಗಿಸಿವೆ. ಅವುಗಳ ಕವಚ ಮತ್ತು ಬಳೆ ಉಕ್ಕು ಅಥವಾ ಅಲ್ಯೂಮಿನಿಯಂನವು. ಕೆಲವುಗಳಲ್ಲಿ ಪಟ್ಟಿಯ ಬದಲು ರಬ್ಬರಿನ ಉಂಗುರಗಳಿದ್ದು, ಬಿಚ್ಚಿ ಹೊಸ ಉಂಗುರ ಹಾಕಬಹುದು. ಬೇರೆ ಗಡುಸಿನ ಉಂಗುರ ಹಾಕಿ ಎಂಜಿನ್‌ಗೆ ತಕ್ಕಂತೆ ಹೊಂದಿಸಲೂಬಹುದು.

ಎರಡನೆಯದು ದ್ರವದ ಡ್ಯಾಂಪರ್. ಪೂರ್ತಿ ಮುಚ್ಚಿದ ಕವಚದೊಳಗೆ ಭಾರವಾದ ಬಳೆಯೊಂದು ಯಾವುದಕ್ಕೂ ಅಂಟದೆ ಮುಕ್ತವಾಗಿರುತ್ತದೆ. ಸುತ್ತಲಿನ ಕಿರಿದಾದ ಸಂದಿಯಲ್ಲಿ ಜೇನಿಗಿಂತಲೂ ಮಂದವಾದ ಸಿಲಿಕೋನ್ ದ್ರವ. ಕ್ರ್ಯಾಂಕ್ ತಿರುಚಿಕೊಂಡಾಗ ಕವಚ ಅದರೊಂದಿಗೆ ಅಲುಗುತ್ತದೆ, ಬಳೆ ಅಲುಗದೆ ಸುತ್ತುತ್ತದೆ, ನಡುವಿನ ದ್ರವ ಕಂಪನವನ್ನು ನುಂಗುತ್ತದೆ. ಇದನ್ನು ಒಂದೇ ಆವೃತ್ತಿಗೆ ಶ್ರುತಿ ಮಾಡಬೇಕಾಗಿಲ್ಲ. ವೇಗದ ವಿಶಾಲ ವ್ಯಾಪ್ತಿಯಲ್ಲಿ ಕೆಲಸ ಮಾಡುತ್ತದೆ. ಲಾರಿಗಳ ದೊಡ್ಡ ಡೀಸೆಲ್ ಎಂಜಿನ್‌ಗಳಲ್ಲಿ ಬಹುಕಾಲದಿಂದ ಇದು ಬಳಕೆಯಲ್ಲಿದೆ. ಆದರೆ ಕವಚಕ್ಕೆ ಒಮ್ಮೆ ಏಟು ಬಿದ್ದು ತಗ್ಗಾದರೆ ಒಳಗಿನ ಸಂದಿ ಕೆಟ್ಟು ಡ್ಯಾಂಪರ್ ನಿರುಪಯುಕ್ತ. ತೂಕ ಸರಿಪಡಿಸಲೆಂದು ಅದಕ್ಕೆ ರಂಧ್ರ ಕೊರೆಯುವಂತೆಯೂ ಇಲ್ಲ.

ಇವೆರಡರಲ್ಲಿ ಯಾವುದು ಮೇಲು ಎಂಬ ವಾದ ಹವ್ಯಾಸಿಗಳ ನಡುವೆ ಮುಗಿಯುವಂತಹದಲ್ಲ. ಆದರೆ ಬಳಕೆಯನ್ನು ಮುಂದಿಟ್ಟುಕೊಂಡರೆ ಉತ್ತರ ಅಷ್ಟು ಕಷ್ಟವಲ್ಲ. ಮೂಲ ಕ್ರ್ಯಾಂಕನ್ನೇ ಉಳಿಸಿಕೊಂಡು, 5500 ಸುತ್ತಿನೊಳಗೆ ರಸ್ತೆಯಲ್ಲಿ ಓಡುವ ಎಂಜಿನ್‌ಗೆ ಗುಣಮಟ್ಟದ ಹೊಸ ರಬ್ಬರ್ ಡ್ಯಾಂಪರ್ ಸಾಕು. ಹೊಡೆತ ಹೆಚ್ಚಿಸಿದ, ಸೂಪರ್‌ಚಾರ್ಜರ್ ಅಥವಾ ಟರ್ಬೊ ಕೂರಿಸಿದ, ಒಮ್ಮೆ ಪೇಟೆಯಲ್ಲೂ ಇನ್ನೊಮ್ಮೆ ಟ್ರ್ಯಾಕ್‌ನಲ್ಲೂ ಓಡುವ ಎಂಜಿನ್‌ಗೆ ದ್ರವದ ಡ್ಯಾಂಪರ್ ಇಲ್ಲವೇ ಮರುಜೋಡಣೆ ಸಾಧ್ಯವಿರುವ ಸ್ಪರ್ಧಾ ಡ್ಯಾಂಪರ್ ಯೋಗ್ಯ. ಇಂತಹ ಜೋಡಣೆಯಲ್ಲಿ ಕ್ರ್ಯಾಂಕ್, ಗರಿಷ್ಠ ವೇಗ ಮತ್ತು ಬಳಕೆಯ ವಿವರ ಕೊಟ್ಟು ಡ್ಯಾಂಪರ್ ತಯಾರಕರನ್ನೇ ಕೇಳುವುದು ಜಾಣತನ.

ದೊಡ್ಡದಾದರೆ ಒಳ್ಳೆಯದೇ?

ಸ್ಮಾಲ್ ಬ್ಲಾಕ್‌ಗೆ ಆರು ಇಂಚಿನಿಂದ ಎಂಟು ಇಂಚಿನವರೆಗಿನ ವ್ಯಾಸದ ಡ್ಯಾಂಪರುಗಳಿವೆ. ಬಳೆ ದೊಡ್ಡದಾದಷ್ಟೂ ಅದರ ಜಡತ್ವ ಹೆಚ್ಚು, ಕಂಪನದ ಮೇಲೆ ಹಿಡಿತವೂ ಹೆಚ್ಚು. ಆದರೆ ಎಂಜಿನ್ ವೇಗ ಪಡೆಯುವಾಗ ಆ ಭಾರವನ್ನೂ ಸುತ್ತಿಸಬೇಕು. ಹಾಗಾಗಿ ಕ್ಷಣಕ್ಷಣಕ್ಕೂ ವೇಗ ಏರಿಳಿಯುವ ವರ್ತುಲ ಪಥದ ಸ್ಪರ್ಧೆಗಳಲ್ಲಿ ಚಿಕ್ಕ ಡ್ಯಾಂಪರಿಗೆ ಒಲವು. ಉದ್ದ ಹೊಡೆತದ, ಹೆಚ್ಚು ಟಾರ್ಕ್‌ನ ಎಂಜಿನ್‌ಗಳಿಗೆ ದೊಡ್ಡದೇ ಲೇಸು. ಕೆಲವೇ ಅಶ್ವಶಕ್ತಿಯ ಆಸೆಗೆ ತೀರ ಹಗುರವಾದುದನ್ನು ಆರಿಸುವುದು ಬುದ್ಧಿವಂತಿಕೆಯಲ್ಲ. ಬಾನೆಟ್ಟಿನಡಿಯ ಸ್ಥಳ, ಟೈಮಿಂಗ್ ಸೂಚಿಯ ಜಾಗ, ಪುಲ್ಲಿಯ ಬೋಲ್ಟುಗಳ ಜೋಡಣೆ ಇವನ್ನೂ ಮೊದಲೇ ಅಳೆಯಬೇಕು.

ಸಿಡಿದರೆ ಜೀವಕ್ಕೇ ಅಪಾಯ

ಎಂಟು ಇಂಚಿನ ಡ್ಯಾಂಪರ್ ನಿಮಿಷಕ್ಕೆ 7000 ಸುತ್ತು ತಿರುಗುವಾಗ ಅದರ ಅಂಚು ಗಂಟೆಗೆ ಸುಮಾರು 268 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತಿರುತ್ತದೆ. ಆ ಅಂಚಿನಲ್ಲಿರುವ ಒಂದು ಗ್ರಾಂ ಲೋಹ ಐದೂವರೆ ಕಿಲೋ ಭಾರದಷ್ಟು ಬಲದಿಂದ ಹೊರಕ್ಕೆ ಚಿಮ್ಮಲು ತವಕಿಸುತ್ತದೆ. ಹಳೆಯ ಎರಕದ ಕಬ್ಬಿಣದ ಬಳೆಯಲ್ಲಿ ಬಿರುಕಿದ್ದರೆ, ಅಥವಾ ರಬ್ಬರ್ ಸೋತು ಬಳೆ ಕಳಚಿದರೆ, ಅದು ರೇಡಿಯೇಟರ್ ಸೀಳಿ, ಬಾನೆಟ್ ತೂರಿ ಬರಬಲ್ಲದು. ಬಾನೆಟ್ ತೆರೆದು ಎಂಜಿನ್ ಪರೀಕ್ಷಿಸುತ್ತಿರುವವರ ಸ್ಥಿತಿಯನ್ನು ಊಹಿಸಿಕೊಳ್ಳಬಹುದು.

ಈ ಕಾರಣದಿಂದಲೇ ಅಮೆರಿಕದ ಎಸ್‌ಎಫ್‌ಐ ಪ್ರತಿಷ್ಠಾನ ಡ್ಯಾಂಪರುಗಳಿಗಾಗಿ 18.1 ಎಂಬ ಸುರಕ್ಷತಾ ಮಾನದಂಡವನ್ನು ರೂಪಿಸಿದೆ. ಅಲ್ಲಿನ ಡ್ರ್ಯಾಗ್ ರೇಸ್‌ಗಳನ್ನು ನಡೆಸುವ ಎನ್‌ಎಚ್‌ಆರ್‌ಎ ಸಂಸ್ಥೆಯ ನಿಯಮದ ಪ್ರಕಾರ, ಕಾಲು ಮೈಲಿಯನ್ನು 10.99 ಸೆಕೆಂಡ್ ಅಥವಾ ಅದಕ್ಕಿಂತ ಬೇಗ ಕ್ರಮಿಸುವ ಕಾರುಗಳಿಗೆ ಈ ಮಾನ್ಯತೆಯ ಡ್ಯಾಂಪರ್ ಕಡ್ಡಾಯ. ಆದರೆ ಒಂದು ಮಾತು ನೆನಪಿಡಬೇಕು. ಈ ಮುದ್ರೆ ಹೇಳುವುದು ಡ್ಯಾಂಪರ್ ಸಿಡಿಯದೆಂಬ ಭರವಸೆಯನ್ನು. ಅದು ನಿಮ್ಮ ಕ್ರ್ಯಾಂಕಿನ ಕಂಪನವನ್ನು ಚೆನ್ನಾಗಿ ಅಡಗಿಸುತ್ತದೆ ಎಂಬುದನ್ನಲ್ಲ. ಎರಡನ್ನೂ ಬೇರೆ ಬೇರೆಯಾಗಿಯೇ ವಿಚಾರಿಸಬೇಕು.

ಸುತ್ತಿಗೆ ದೂರವಿರಲಿ

ಒಳ್ಳೆಯ ಡ್ಯಾಂಪರನ್ನು ತಪ್ಪಾಗಿ ಕೂರಿಸಿ ಕೆಡಿಸುವುದೂ ಸಾಮಾನ್ಯ. ಅಳವಡಿಕೆಯಲ್ಲಿ ಗಮನಿಸಬೇಕಾದ ಅಂಶಗಳು ಹೀಗಿವೆ:

* ಡ್ಯಾಂಪರಿನ ರಂಧ್ರ ಕ್ರ್ಯಾಂಕಿನ ಮೂತಿಗಿಂತ ಇಂಚಿನ ಸಾವಿರದ ಒಂದು ಭಾಗದ ಆಸುಪಾಸು ಚಿಕ್ಕದಾಗಿದ್ದು, ಬಿಗಿಯಾಗಿ ಕೂರಬೇಕು. ಕೈಯಿಂದಲೇ ಸರಾಗವಾಗಿ ಜಾರಿ ಕೂತರೆ ಅದು ಸರಿಯಾದ ಜೋಡಣೆಯಲ್ಲ. ಮೈಕ್ರೋಮೀಟರ್‌ನಿಂದ ಎರಡನ್ನೂ ಅಳೆದು, ತಯಾರಕರ ಅಳತೆಗೆ ಹೋಲಿಸಬೇಕು.

* ಸುತ್ತಿಗೆಯಿಂದ ಬಡಿದು ಕೂರಿಸಿದರೆ ರಬ್ಬರ್ ಹರಿಯಬಹುದು, ದ್ರವದ ಕವಚ ತಗ್ಗಾಗಬಹುದು, ಕ್ರ್ಯಾಂಕಿನ ಥ್ರಸ್ಟ್ ಬೇರಿಂಗ್‌ಗೂ ಪೆಟ್ಟು. ಇದಕ್ಕೆಂದೇ ಇರುವ ತಿರುಪಿನ ಉಪಕರಣವನ್ನು ಬಳಸಬೇಕು. ಮೂಲ ಬೋಲ್ಟನ್ನೇ ಬಿಗಿಯುತ್ತ ಎಳೆದು ಕೂರಿಸಹೊರಟರೆ ಕ್ರ್ಯಾಂಕಿನ ಮರೆಗಳು ಕಿತ್ತುಬರುವ ಅಪಾಯವಿದೆ.

* ಹೊರ ಸಮತೋಲನದ ಎಂಜಿನ್ ಆದರೆ, ಕ್ರ್ಯಾಂಕನ್ನು ಬ್ಯಾಲೆನ್ಸಿಂಗ್ ಯಂತ್ರಕ್ಕೆ ಏರಿಸುವ ಮೊದಲೇ ಡ್ಯಾಂಪರ್ ಮತ್ತು ಫ್ಲೈವೀಲ್ ಕೊಂಡಿರಬೇಕು. ದ್ರವದ ಡ್ಯಾಂಪರ್ ಆಗಿದ್ದಲ್ಲಿ ಒಳಗಿನ ಬಳೆ ಮುಕ್ತವಾಗಿರುವುದರಿಂದ ಯಂತ್ರ ತಪ್ಪು ಅಂಕಿ ತೋರಬಹುದು. ಅಲ್ಲಿ ತಯಾರಕರ ಸೂಚನೆಯೇ ಅಂತಿಮ.

* ಷೆವ್ರೊಲೆಯ ಎಲ್‌ಎಸ್ ಸರಣಿಯ ಎಂಜಿನ್‌ಗಳಲ್ಲಿ ಡ್ಯಾಂಪರನ್ನು ಹಿಡಿದಿಡಲು ಕೀ ಇಲ್ಲ. ಬಿಗಿತ ಮತ್ತು ಬೋಲ್ಟೇ ಆಧಾರ. ಬೋಲ್ಟು ಒಮ್ಮೆ ಬಿಗಿದಾಗ ಹಿಗ್ಗುವ ಬಗೆಯದಾದ್ದರಿಂದ ಪ್ರತಿ ಸಲ ಹೊಸದನ್ನೇ ಹಾಕಬೇಕು. ಸೂಪರ್‌ಚಾರ್ಜರಿನ ಬೆಲ್ಟ್ ಎಳೆತವೂ ಸೇರಿದಾಗ ಡ್ಯಾಂಪರ್ ಜಾರದಂತೆ ಪಿನ್ ಹಾಕಿಸುವುದು ರೂಢಿ.

* ಕೊನೆಯದಾಗಿ, ಟೈಮಿಂಗ್ ಗುರುತನ್ನು ಕಣ್ಣುಮುಚ್ಚಿ ನಂಬಬಾರದು. ಸ್ಮಾಲ್ ಬ್ಲಾಕ್‌ನಲ್ಲಿಯೇ ಈ ಗುರುತಿನ ಸ್ಥಾನ ವರ್ಷದಿಂದ ವರ್ಷಕ್ಕೆ ಬದಲಾಗಿದೆ. ಒಂದನೇ ಸಿಲಿಂಡರಿನಲ್ಲಿ ಪಿಸ್ಟನ್ ತಡೆ ಅಳವಡಿಸಿ, ಕ್ರ್ಯಾಂಕನ್ನು ಕೈಯಿಂದ ಎರಡೂ ದಿಕ್ಕಿಗೆ ನಿಧಾನವಾಗಿ ತಿರುಗಿಸಿ, ಅದು ನಿಂತ ಎರಡು ಕಡೆ ಗುರುತು ಹಾಕಿದರೆ ಅವುಗಳ ನಟ್ಟನಡುವಿನ ಬಿಂದುವೇ ಪಿಸ್ಟನ್ನಿನ ನಿಜವಾದ ಮೇಲ್ತುದಿ. ಡ್ಯಾಂಪರಿನ ಸೊನ್ನೆ ಅಲ್ಲಿಗೆ ಹೊಂದದಿದ್ದರೆ ಸೂಚಿಯನ್ನು ಸರಿಪಡಿಸಬೇಕು.

ನಮ್ಮ ರಸ್ತೆಯ ಕಾರುಗಳಲ್ಲಿ

ಅಮೆರಿಕದ ವಿ8ಗಳು ಕರ್ನಾಟಕದ ರಸ್ತೆಗಳಲ್ಲಿ ಅಪರೂಪ. ಇಲ್ಲಿನ ಬಹುತೇಕ ಕಾರುಗಳದು ಮೂರು ಅಥವಾ ನಾಲ್ಕು ಸಿಲಿಂಡರಿನ ಎಂಜಿನ್. ಆದರೂ ಹಲವು ಎಂಜಿನ್‌ಗಳಲ್ಲಿ, ವಿಶೇಷವಾಗಿ ಡೀಸೆಲ್‌ಗಳಲ್ಲಿ, ಗ್ಯಾರೇಜಿನವರು ಕ್ರ್ಯಾಂಕ್ ಪುಲ್ಲಿ ಎಂದು ಕರೆಯುವ ಭಾಗದೊಳಗೆ ಇದೇ ರಬ್ಬರ್ ಡ್ಯಾಂಪರ್ ಅಡಗಿದೆ. ಪುಲ್ಲಿ ವಾಲಾಡುವುದು, ರಬ್ಬರ್ ಸೀಳಿ ಹೊರಬರುವುದು, ಬೆಲ್ಟ್ ಕಿರುಗುಟ್ಟುವುದು ಅಥವಾ ಜಾರುವುದು ಅದು ಸೋತಿರುವುದರ ಲಕ್ಷಣಗಳು. ಇವು ಕಂಡಾಗ ಬೆಲ್ಟ್ ಮಾತ್ರ ಬದಲಿಸಿ ಕೈತೊಳೆದುಕೊಂಡರೆ ಪ್ರಯೋಜನವಿಲ್ಲ.

ವೇಗದ ಆಸೆಯುಳ್ಳವರಿಗೆ ಇನ್ನೊಂದು ಆಕರ್ಷಣೆ ಹಗುರವಾದ ಅಲ್ಯೂಮಿನಿಯಂ ಪುಲ್ಲಿ. ಅದನ್ನು ಹಾಕಿದರೆ ಎಂಜಿನ್ ಚುರುಕಾಗಿ ಏರುತ್ತದೆ, ನಿಜ. ಆದರೆ ಮೂಲ ಪುಲ್ಲಿಯಲ್ಲಿ ರಬ್ಬರ್ ಪಟ್ಟಿ ಇದ್ದರೆ, ಅದನ್ನು ಗಟ್ಟಿ ಲೋಹದ ಪುಲ್ಲಿಯಿಂದ ಬದಲಿಸುವುದೆಂದರೆ ಡ್ಯಾಂಪರನ್ನೇ ಕಿತ್ತೆಸೆದಂತೆ. ಮೂಲದಲ್ಲಿಯೇ ರಬ್ಬರ್ ಇಲ್ಲದ ಸಣ್ಣ ಎಂಜಿನ್‌ಗಳ ಮಾತು ಬೇರೆ. ಯಾವುದು ಎಂಬುದನ್ನು ಹಣ ಕೊಡುವ ಮೊದಲೇ ನೋಡಿ ತಿಳಿಯಬೇಕು. ಇಂತಹ ಬದಲಾವಣೆಯ ಪರಿಣಾಮ ಮರುದಿನ ಕಾಣುವುದಿಲ್ಲ. ಅನುರಣನದ ವೇಗದಲ್ಲಿ ಎಂಜಿನ್ ಓಡಿದಾಗಲೆಲ್ಲ ಹಾನಿ ಒಳಗೊಳಗೇ ಬೆಳೆಯುತ್ತ ಹೋಗುತ್ತದೆ.

ಆಯ್ಕೆಯ ಕ್ರಮವೇ ಮುಖ್ಯ

ಒಟ್ಟಿನಲ್ಲಿ ಡ್ಯಾಂಪರಿನ ಆಯ್ಕೆ ಎಂಜಿನ್ ಜೋಡಣೆಯ ಕೊನೆಯ ದಿನದ ಕೆಲಸವಲ್ಲ. ಕ್ರ್ಯಾಂಕಿನ ಜೊತೆಗೇ ನಿರ್ಧರಿಸಬೇಕಾದದ್ದು. ಮೊದಲು ಸಮತೋಲನದ ಬಗೆ, ನಂತರ ಗರಿಷ್ಠ ವೇಗ ಮತ್ತು ಬಳಕೆ, ಆಮೇಲೆ ರಬ್ಬರೋ ದ್ರವವೋ ಎಂಬುದು, ಬಳಿಕ ಗಾತ್ರ ಹಾಗೂ ಸುರಕ್ಷತಾ ಮಾನ್ಯತೆ. ಬೆಲೆ ಮತ್ತು ಬಣ್ಣದ ಮಾತು ಕಟ್ಟಕಡೆಗೆ. ಈ ಕ್ರಮ ತಲೆಕೆಳಗಾಗಿ, ಅಗ್ಗವೆಂದು ಕೈಗೆ ಸಿಕ್ಕಿದ್ದನ್ನು ಕೊಂಡರೆ, ಅಲ್ಲಿ ಉಳಿಸಿದ ಹಣದ ಹಲವು ಪಟ್ಟನ್ನು ಮುರಿದ ಕ್ರ್ಯಾಂಕಿಗೆ ತೆರಬೇಕಾದೀತು. ಕ್ರ್ಯಾಂಕ್ ಮುರಿಯುವಾಗ ಬ್ಲಾಕನ್ನೂ ಒಡೆದು ಹೋದರೆ, ಉಳಿಯುವುದು ಗುಜರಿಗೆ ಹಾಕಬೇಕಾದ ಕಬ್ಬಿಣ ಮಾತ್ರ.